ಪೈಲಟ್‌ನ ಎಡ ಬೇರೆ, ನನ್ನ ಎಡ ಬೇರೆ

ನಾನು ವಾಯುಪಡೆಯಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿದ್ದವನು. ನಡುವೆ ಒಂದಷ್ಟು ಕಾಲ ಹಾರಾಟ ಬಿಡಿಸಿ, ಭೂಸೇನೆಯ ಒಂದು ಬ್ರಿಗೇಡ್ ಜೊತೆ ರಾಜಸ್ಥಾನದ ಮರಳಿಗೆ ಕಳಿಸಿದ್ದರು. ಕೆಲಸದ ಹೆಸರು ಫಾರ್ವರ್ಡ್ ಏರ್ ಕಂಟ್ರೋಲರ್. ಅಂದರೆ ಸೈನಿಕರ ಜೊತೆ ನೆಲದ ಮೇಲೆ ಕೂತು, ಮೇಲೆ ಬರೋ ಯುದ್ಧವಿಮಾನಕ್ಕೆ ರೇಡಿಯೋದಲ್ಲಿ ಗುರಿ ತೋರಿಸುವುದು.

ಊರಲ್ಲಿ ಇದನ್ನು ಹೇಳಿದರೆ "ಕಮಾಂಡೋನಾ?" ಅಂತಾರೆ. ಅಲ್ಲ. ವಾಯುಪಡೆಯ ಕಮಾಂಡೋಗಳು ಅಂದರೆ ನಮ್ಮಲ್ಲಿ 2004ರಲ್ಲಿ ಶುರುವಾದ ಗರುಡ ಪಡೆ. ಅಮೆರಿಕದಲ್ಲಿ ಕಾಂಬ್ಯಾಟ್ ಕಂಟ್ರೋಲರ್‌ಗಳಿದ್ದಾರೆ, ಅವರು ಪ್ಯಾರಾಚೂಟಲ್ಲಿ ಇಳಿದು ಬಾಂಬ್ ದಾಳಿಗೂ ದಾರಿ ತೋರಿಸುತ್ತಾರೆ, ವಿಮಾನಗಳನ್ನೂ ಇಳಿಸುತ್ತಾರೆ. 2010ರಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ರನ್‌ವೇ ಪಕ್ಕ ಒಂದು ಮಡಚೋ ಟೇಬಲ್ ಹಾಕಿಕೊಂಡು ಇಡೀ ಏರ್‌ಪೋರ್ಟನ್ನೇ ನಡೆಸಿದವರು ಅವರು. ನನ್ನ ಹತ್ತಿರ ಇದ್ದದ್ದು ಜೀಪು, ರೇಡಿಯೋ, ನಕ್ಷೆ, ಆಮೇಲೆ ಶೇವ್ ಮಾಡೋ ಕನ್ನಡಿ.

ಮೊದಲ ಅಭ್ಯಾಸದ ದಿನವೇ ಎಡವಟ್ಟು ಮಾಡಿಕೊಂಡೆ. ನಾನು ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದೆ. ಎದುರಿಗೆ ಒಂದು ಒಂಟಿ ಖೇಜ್ರಿ ಮರ, ಅದರ ಎಡಕ್ಕೆ ಗುರಿ ಅಂತ ಇಟ್ಟಿದ್ದ ಹಳೇ ಟ್ಯಾಂಕ್. ಜಾಗ್ವಾರ್ ಯುದ್ಧವಿಮಾನ ಉತ್ತರದಿಂದ ದಕ್ಷಿಣಕ್ಕೆ, ನಮ್ಮ ಮುಂದೆ ಅಡ್ಡಲಾಗಿ ಬರಬೇಕು. ಅಡ್ಡ ಯಾಕೆ ಅಂದರೆ, ಬಾಂಬ್ ಹೆಚ್ಚಾಗಿ ತಪ್ಪೋದು ವಿಮಾನ ಹೋಗುವ ದಿಕ್ಕಿನಲ್ಲೇ, ಒಂದೋ ಮುಂದೆ ಬೀಳುತ್ತೆ, ಇಲ್ಲ ಹಿಂದೆ. ನಮ್ಮವರ ತಲೆ ಮೇಲಿಂದ ಕರೆಸಿಕೊಂಡರೆ ಆ ತಪ್ಪು ನಮ್ಮ ಮೇಲೇ ಬೀಳಬಹುದು ಅಲ್ವಾ?

ಅಷ್ಟೆಲ್ಲ ಯೋಚಿಸಿದವನು ರೇಡಿಯೋದಲ್ಲಿ ಹೇಳಿದ್ದು ಮಾತ್ರ "ಮರದ ಎಡಕ್ಕೆ ನೋಡು" ಅಂತ. ದಕ್ಷಿಣಕ್ಕೆ ಹಾರುತ್ತಿರುವವನ ಎಡ ಅಂದರೆ ಪೂರ್ವ. ಪೂರ್ವದಲ್ಲಿ ಇದ್ದವರು ನಾವೇ! "ಕಾಂಟ್ಯಾಕ್ಟ್, ಜೀಪು ಕಾಣ್ತಿದೆ" ಅಂದ ಪೈಲಟ್. ಪಕ್ಕದಲ್ಲಿದ್ದ ಸುಬೇದಾರ್ ಸಾಹೇಬರು ಬೀಡಿ ಕೈಲೇ ಹಿಡಿದು ನನ್ನ ಮುಖ ನೋಡಿದರು. "ಅಬಾರ್ಟ್, ಅಬಾರ್ಟ್, ಅಬಾರ್ಟ್" ಅಂತ ಕೂಗಿದೆ, ಅಂದರೆ ದಾಳಿ ಬಿಡು ಅಂತ. ಬಾಂಬ್ ಇಲ್ಲದ ಸುತ್ತು, ಬಚಾವ್.

ನಮ್ಮೂರಲ್ಲಿ ದಾರಿ ಕೇಳಿದರೆ "ಅರಳಿಕಟ್ಟೆ ದಾಟಿ ಎಡಕ್ಕೆ" ಅಂತೀವಲ್ಲ, ನಂದೂ ಅದೇ ಚಾಳಿ. ನಡೆದು ಬರುವವನಿಗೆ ಅದು ಸಾಕು. ವಿಮಾನದ ವೇಗ ಗಂಟೆಗೆ 800 ಕಿಲೋಮೀಟರ್, ಅಂದರೆ ಸೆಕೆಂಡಿಗೆ 220 ಮೀಟರ್‌ಗೂ ಹೆಚ್ಚು, ನಾನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅವನು ಕಟ್ಟೆ, ಊರು ಎರಡನ್ನೂ ದಾಟಿರುತ್ತಾನೆ.

ಅವತ್ತಿಂದ ಎಡ ಬಲ ಬಿಟ್ಟು ಬರೀ ಉತ್ತರ, ದಕ್ಷಿಣ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯೋದು, ಮೊದಲು ರಸ್ತೆ, ಆಮೇಲೆ ಕೆರೆ. ರಸ್ತೆಯಿಂದ ಕೆರೆಗೆ ಇರೋ ದೂರವನ್ನೇ ಅಳತೆಕೋಲು ಮಾಡಿಕೊಂಡು, ಕೆರೆಯಿಂದ ಅದರ ಅರ್ಧ ದೂರ ದಕ್ಷಿಣಕ್ಕೆ ಹೋಗು ಅನ್ನೋದು. ಇನ್ನೊಂದು, "ಮರ ಕಾಣ್ತಾ?" ಅಂತ ಕೇಳಲೇಬಾರದು. ಗಡಿಬಿಡಿಯಲ್ಲಿರುವವನು ಸುಮ್ನೆ ಹೂಂ ಅಂದುಬಿಡುತ್ತಾನೆ. "ಏನು ಕಾಣ್ತಿದೆ, ನೀನೇ ಹೇಳು" ಅನ್ನಬೇಕು. ಅವನ ಬಾಯಲ್ಲಿ ನನ್ನ ಗುರಿ ಬಂದಮೇಲೇ ಅನುಮತಿ.

ಬ್ಯಾಟರಿ ಬದಲಾಯಿಸಿದ ಮೇಲೆ ಜಿಪಿಎಸ್‌ನಲ್ಲಿರೋ ಅಂಕಿಗಳನ್ನು ಮತ್ತೆ ಜೋರಾಗಿ ಓದೋ ಅಭ್ಯಾಸವೂ ಇತ್ತು, ಹುಡುಗರು ನಗೋರು. 2001ರ ಡಿಸೆಂಬರ್ 5ರಂದು ಕಂದಹಾರ್ ಹತ್ತಿರ ಅಮೆರಿಕನ್ನರ ಜಿಪಿಎಸ್ ಹೊಸ ಬ್ಯಾಟರಿ ಹಾಕಿದಾಗ ಗುರಿಯ ಜಾಗ ಬಿಟ್ಟು, ತಾನಿದ್ದ ಜಾಗವನ್ನೇ ತೋರಿಸಿತು. ಅದನ್ನೇ ವಿಮಾನಕ್ಕೆ ಓದಿ ಹೇಳಿದರು. ಅವರದೇ 3 ಸೈನಿಕರು ಸತ್ತರು, ಜೊತೆಗಿದ್ದ ಆಫ್ಘನ್ನರೂ ಸತ್ತರು. ಇದನ್ನು ಹೇಳಿದ ಮೇಲೆ ಹುಡುಗರು ನಗಲಿಲ್ಲ.

ಕನ್ನಡಿ ಯಾಕೆ ಅಂದರೆ, ಬಿಸಿಲಲ್ಲಿ ಅದರಿಂದ ವಿಮಾನಕ್ಕೆ ಮಿಂಚು ಹೊಡೆದು ನಾವಿರೋ ಜಾಗ ತೋರಿಸೋದು. ಎರಡನೇ ವಾರ ಜೀಪಿನ ಕುಲುಕಾಟಕ್ಕೆ ನನ್ನದು ಒಡೆಯಿತು. ಸುಬೇದಾರ್ ಸಾಹೇಬರು ಏನೂ ಹೇಳದೆ ಕಿಟ್‌ಬ್ಯಾಗಿನಿಂದ ತಮ್ಮದನ್ನು ತೆಗೆದುಕೊಟ್ಟರು. ಆಮೇಲೆ ಒಂದು ತಿಂಗಳು ನಾವಿಬ್ಬರೂ ಅದೇ ಕನ್ನಡಿಯಲ್ಲಿ ಶೇವ್ ಮಾಡಿಕೊಂಡೆವು.