ತಿರುಚಿಕೊಂಡ ಪಿತ್ತಕೋಶ: ನಾನು ಕಾದ ಒಂದು ರಾತ್ರಿ

ಪಾಂಡವಪುರ ಕಡೆಯ ಹಳ್ಳಿಯ ಅಜ್ಜಿ. ವಯಸ್ಸು ಎಂಬತ್ತು ದಾಟಿತ್ತು, ತೂಕ 38 ಕೆಜಿ. ಬೆನ್ನು ಎಷ್ಟು ಬಾಗಿತ್ತೆಂದರೆ ಅಂಗಾತ ಮಲಗಿಸಲು ತಲೆಯಡಿಗೆ ಎರಡು ದಿಂಬು ಬೇಕಾಯಿತು. ಮಂಡ್ಯದಲ್ಲಿ ನಾನು ಸರ್ಜನ್ ಆಗಿರುವ ಆಸ್ಪತ್ರೆಗೆ ಮಗ ಸಂಜೆ ಕರೆತಂದಿದ್ದ. "ಪಿತ್ತ ಕೆದರೈತೆ ಅಂತ ಜೀರಿಗೆ ಕಷಾಯ ಕೊಟ್ಟೊ ಸಾರ್, ಕುಡ್ದಿದ್ದೆಲ್ಲ ಕಕ್ಬುಟ್ರು" ಅಂದ.

ನೋವು ಯಾವಾಗ ಶುರುವಾಯ್ತು ಅಂತ ಕೇಳಿದೆ. "ಎಮ್ಮೆ ಕಟ್ಟಾಕಕ್ಕೆ ಬಗ್ಗಿದ್ದೆ ಕಣಪ್ಪ, ಆಗ್ಲೇ ಇಡ್ಕತ್ತು" ಎಂದು ಅಜ್ಜಿ ಬಲಪಕ್ಕೆಯ ಕೆಳಗೆ ಕೈ ಇಟ್ಟರು. ಆ ಮಾತನ್ನು ನಾನು ಇನ್ನಷ್ಟು ಗಮನವಿಟ್ಟು ಕೇಳಬೇಕಿತ್ತು. ಪಿತ್ತಕೋಶದ ಕಲ್ಲಿನ ನೋವಾದರೆ ಸಾಮಾನ್ಯವಾಗಿ ಊಟದ ಮೇಲೆ ಬರುತ್ತದೆ, ಹಿಂದೆ ನಾಲ್ಕಾರು ಸಲ ಬಂದುಹೋಗಿರುತ್ತದೆ. ಇವರಿಗೆ ಹಿಂದೆಂದೂ ಬಂದಿರಲಿಲ್ಲ. ಬಂದ ಗಳಿಗೆಯೂ ನೆನಪಿತ್ತು.

ಜ್ವರ ಇರಲಿಲ್ಲ. ಬಿಳಿ ರಕ್ತಕಣ ಸ್ವಲ್ಪ ಏರಿತ್ತು, ಲಿವರ್ ಪರೀಕ್ಷೆಯಲ್ಲಿ ಯಾವ ದೋಷವೂ ಇಲ್ಲ. ಅಲ್ಟ್ರಾಸೌಂಡ್‌ನಲ್ಲಿ ಊದಿಕೊಂಡ ಪಿತ್ತಕೋಶ, ದಪ್ಪ ಗೋಡೆ. ಕಲ್ಲು ಮಾತ್ರ ಕಾಣಲಿಲ್ಲ. ಕೇಸ್ ಶೀಟಿನಲ್ಲಿ 'ಕಲ್ಲಿಲ್ಲದ ಪಿತ್ತಕೋಶದ ಉರಿಯೂತ' ಎಂದು ಬರೆದು, ಬಾಯಿಗೆ ಏನೂ ಕೊಡಬೇಡಿ ಎಂದು ಹೇಳಿ, ಡ್ರಿಪ್, ಆಂಟಿಬಯಾಟಿಕ್ ಹಾಕಿಸಿ ಮನೆಗೆ ಹೋದೆ. ಈ ವಯಸ್ಸು, ಈ ಬೆನ್ನು, ಅರಿವಳಿಕೆ ಕೊಡುವುದೇ ಕಷ್ಟ. ಔಷಧಿಯಲ್ಲೇ ತಣಿದರೆ ಒಳ್ಳೆಯದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಬೆಳಿಗ್ಗೆ ಬಂದು ನೋಡಿದರೆ ನಾಡಿ 112. ಮೈ ಮಾತ್ರ ತಣ್ಣಗಿದೆ. ಸೋಂಕೇ ಆಗಿದ್ದರೆ ನಾಡಿಯ ಜೊತೆ ಜ್ವರವೂ ಏರಬೇಕಲ್ಲ? ಹೊಟ್ಟೆ ಮುಟ್ಟಿದರೆ ಪಕ್ಕೆಲುಬಿನಿಂದ ಬಹಳ ಕೆಳಗೆ, ಹೆಚ್ಚುಕಡಿಮೆ ಹೊಕ್ಕುಳ ಮಟ್ಟದಲ್ಲಿ, ನುಣ್ಣಗಿನ ಗಡ್ಡೆ ಸಿಕ್ಕಿತು. ರೇಡಿಯಾಲಜಿಸ್ಟ್ ಪಕ್ಕದಲ್ಲೇ ನಿಂತು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದೆ. ಪಿತ್ತಕೋಶ ಲಿವರಿನ ಅಡಿಯ ತನ್ನ ಗೂಡಿನಲ್ಲಿ ಇರಲಿಲ್ಲ, ಕೆಳಗೆ ಜೋತುಬಿದ್ದಿತ್ತು. ಕುತ್ತಿಗೆಯ ಭಾಗ ಆಲಿಕೆಯ ಹಾಗೆ ಚೂಪಾಗಿತ್ತು. ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿದಾಗ ಗೋಡೆಯಲ್ಲಿ ಒಂದು ಚುಕ್ಕೆ ಬಣ್ಣವಿಲ್ಲ, ಅಂದರೆ ರಕ್ತ ಓಡುತ್ತಿಲ್ಲ. ಸಿಟಿ ಸ್ಕ್ಯಾನಿನಲ್ಲಿ ಅದೇ ಕುತ್ತಿಗೆಯ ಹತ್ತಿರ ಸುಳಿ ಕಂಡಿತು: ಪಿತ್ತಕೋಶ ತಿರುಚಿಕೊಂಡಿತ್ತು.

ಪಿತ್ತಕೋಶ ಸಾಮಾನ್ಯವಾಗಿ ಲಿವರಿಗೆ ಅಂಟಿಕೊಂಡೇ ಇರುತ್ತದೆ, ತಿರುಗಲು ಜಾಗವಿರುವುದಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಆ ಅಂಟು ಸಡಿಲ, ಉದ್ದನೆಯ ಪೊರೆಯೊಂದರಲ್ಲಿ ತೂಗಾಡುತ್ತಿರುತ್ತದೆ. ಪ್ರಾಯದಲ್ಲಿ ಸುತ್ತಲಿನ ಕೊಬ್ಬು ಅದನ್ನು ತಡೆದು ನಿಲ್ಲಿಸಿರುತ್ತದೆ. ವಯಸ್ಸಾದಂತೆ ಕೊಬ್ಬು ಕರಗಿ, ಲಿವರ್ ಕುಗ್ಗಿ, ಬೆನ್ನು ಬಾಗಿದರೆ ತೊಟ್ಟಿಗೆ ಜೋತ ಕಾಯಿಯಂತೆ ತಿರುಗಿಬಿಡುತ್ತದೆ. ವೆಂಡೆಲ್ ಎಂಬ ವೈದ್ಯ 1898ರಲ್ಲೇ ಇದನ್ನು ವಿವರಿಸಿದ್ದ. ಸಿಕ್ಕುವುದು ಅಪರೂಪ, ಸಿಕ್ಕರೆ ಹೆಚ್ಚಾಗಿ ಇಂಥ ಸಣಕಲು ಅಜ್ಜಿಯರಲ್ಲೇ. ಓದಿದ್ದೆ. ಓದಿದ್ದೂ ಆ ರಾತ್ರಿ ನೆನಪಿಗೆ ಬರಲಿಲ್ಲ.

ವಯಸ್ಸಾದವರ ಪಿತ್ತಕೋಶ ಕೀವುಗಟ್ಟಿದರೆ ಚರ್ಮದ ಮೂಲಕ ನಳಿಗೆ ಇಟ್ಟು ಬಸಿಯುವ ದಾರಿಯೊಂದಿದೆ. ಇಲ್ಲಿ ಅದು ನಡೆಯದು, ಬಸಿದರೂ ಸುತ್ತು ಬಿಚ್ಚುವುದಿಲ್ಲ. ಮಗನಿಗೆ ಒಂದೇ ಅನುಮಾನ: "ಕಲ್ಲೇ ಇಲ್ಲ ಅಂತೀರಿ, ಮತ್ಯಾಕೆ ಸಾರ್ ಆಪರೇಷನ್ನು?" ಅವನು ವಿಶ್ವೇಶ್ವರಯ್ಯ ನಾಲೆಯ ನೀರಲ್ಲಿ ಕಬ್ಬು ಬೆಳೆಯುವವನು. "ತೂಬು ಮುಚ್ಚೋಗಿದೆ ಕಣಯ್ಯ, ನೀರಲ್ಲಿ ಕಲಸಿದ ಗೊಬ್ಬರ ಗದ್ದೆಗೆ ಹೆಂಗೆ ಹೋಗ್ತದೆ?" ಅಂದೆ. ರಕ್ತವೇ ಓಡದ ಕಡೆಗೆ ಔಷಧಿ ತಲುಪದು ಎಂಬುದು ಅವನಿಗೆ ಅರ್ಥವಾಯಿತು, ತಕ್ಷಣ ಸಹಿ ಹಾಕಿದ.

ಟೇಬಲ್ ಮೇಲೆ ಬೆನ್ನಿನ ಬಾಗಿಗೆ ತಕ್ಕ ಹಾಗೆ ದಿಂಬು ಜೋಡಿಸುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಅರಿವಳಿಕೆ ಡಾಕ್ಟರ್ ತಾಳ್ಮೆ ದೊಡ್ಡದು. ಲ್ಯಾಪರೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ನಳಿಗೆ, ಹೊಟ್ಟೆಯೊಳಗಿಟ್ಟಾಗ ಕಂಡದ್ದು ಬದನೆಕಾಯಿ. ನಮ್ಮ ಹಸಿರು ಈರನಗೆರೆ ಬದನೆಯಲ್ಲ, ಕಪ್ಪಿಗೆ ತಿರುಗಿದ ನೇರಳೆ ಬದನೆ. ಪೂರ್ತಿ ಒಂದು ಸುತ್ತು ಸುತ್ತಿತ್ತು. ಮೊದಲು ಸೂಜಿ ಹಾಕಿ ರಕ್ತ ಬೆರೆತ ಪಿತ್ತ ಎಳೆದೆ, ಹಿಡಿಯಲು ಸಡಿಲವಾಯಿತು. ಆಮೇಲೆ ನಿಧಾನಕ್ಕೆ ಸುತ್ತು ಬಿಚ್ಚಿದೆ. ಈ ಕ್ರಮ ತಪ್ಪಬಾರದು. ತಿರುಚಿಕೊಂಡಾಗ ಮುಖ್ಯ ಪಿತ್ತನಾಳವೂ ಮೇಲಕ್ಕೆ ಎಳೆದುಕೊಂಡಿರುತ್ತದೆ. ಬಿಚ್ಚದೆ ಅವಸರದಲ್ಲಿ ಕ್ಲಿಪ್ ಹಾಕಿದರೆ ಅದೇ ಸಿಕ್ಕಿಬೀಳಬಹುದು. ಬಿಚ್ಚಿದ ಮೇಲೆ ಉಳಿದದ್ದು ಸುಲಭ. ಲಿವರಿನಿಂದ ಬಿಡಿಸಲು ಏನೂ ಇರಲಿಲ್ಲ. ಪಿತ್ತಕೋಶದ ನಾಳಕ್ಕೆ, ಅದರ ರಕ್ತನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸಿದೆ.

ನಮ್ಮ ಕಡೆ ಪಿತ್ತಕೋಶದ ಆಪರೇಷನ್ ಆದರೆ ಕಲ್ಲನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಮನೆಯವರಿಗೆ ತೋರಿಸುವುದು ರೂಢಿ. ಟ್ರೇ ತಂದು ಮಗನಿಗೆ ಆ ಕಪ್ಪು ಚೀಲ ತೋರಿಸಿದೆ. ತುಂಬ ಹೊತ್ತು ನೋಡಿ, "ಇದು ರಾತ್ರಿನೂ ಇಂಗೇ ಇತ್ತಾ ಸಾರ್?" ಅಂದ. ಇಷ್ಟು ಕಪ್ಪಗಿರಲಿಲ್ಲ ಅನ್ಸುತ್ತೆ, ರಾತ್ರಿಯೇ ಮಾಡಬೇಕಿತ್ತು ಅಂದೆ. ಅವನು ಮತ್ತೇನೂ ಕೇಳಲಿಲ್ಲ. ಅಜ್ಜಿ ಆರನೇ ದಿನ ಮನೆಗೆ ಹೋದರು.

ಮುಂದಿನ ವರ್ಷ ಮೈಸೂರಿನ ಗೆಳೆಯನೊಬ್ಬ ರಾತ್ರಿ ಹತ್ತೂವರೆಗೆ ಫೋನಿಗೆ ಸ್ಕ್ಯಾನ್ ಕಳಿಸಿದ. ತೆಳ್ಳಗಿನ ಮುದುಕಿ, ಗೂನು ಬೆನ್ನು, ಥಟ್ಟನೆ ಬಂದ ನೋವು, ಜೋತುಬಿದ್ದ ಪಿತ್ತಕೋಶ. "ಆದರೆ ಎರಡು ಕಲ್ಲೂ ಇದೆಯಲ್ಲ ಮಾರಾಯ" ಅಂದ. ಕಲ್ಲಿದ್ದ ಮಾತ್ರಕ್ಕೆ ತಿರುಚಬಾರದು ಅಂತೇನಿಲ್ಲ, ಬೆಳಗಿನವರೆಗೆ ಕಾಯಬೇಡ ಎಂದೆ. ಎರಡು ಗಂಟೆಗೆ ಅವನಿಂದ ಚಿತ್ರ ಬಂತು: ಅರ್ಧ ಸುತ್ತು ಮಾತ್ರ, ಗೋಡೆ ಇನ್ನೂ ಕೆಂಪಗೇ ಇತ್ತು.