ಡ್ರೈಯರ್ ಬೈಯುವ ಮೊದಲು ಡ್ರೇನ್ ನೋಡಿ

ನಮ್ಮ ಫ್ಯಾಕ್ಟರಿಯ ಕಂಪ್ರೆಸ್ಡ್ ಏರ್ ಲೈನಿನಲ್ಲಿ ಒಂದೇ ತಿಂಗಳಲ್ಲಿ ಮೂರನೇ ಸೋಲೆನಾಯ್ಡ್ ವಾಲ್ವ್ (ಕರೆಂಟಿನಿಂದ ಗಾಳಿ ಬಿಡುವ, ತಡೆಯುವ ವಾಲ್ವ್) ಜಾಮ್ ಆಗಿತ್ತು. ಬಿಚ್ಚಿದರೆ ಒಳಗೆ ಕೆಸರು ಬಣ್ಣದ ನೀರು. ಗಾಳಿಯಿಂದ ನೀರು ತೆಗೆಯುವ ಯಂತ್ರವೇ ಡ್ರೈಯರ್. ‘ಡ್ರೈಯರ್ ಹೋಯ್ತು, ಹೊಸದು ತರಿಸಿ’ ಅಂತ ಶಿಫ್ಟ್‌ನವರೆಲ್ಲ ತೀರ್ಪು ಕೊಟ್ಟಾಗಿತ್ತು. ನಾನು ಹೋಗಿ ಡಿಸ್‌ಪ್ಲೇ ನೋಡಿದೆ: ಡ್ಯೂ ಪಾಯಿಂಟ್ (ಗಾಳಿಯಲ್ಲಿನ ಆವಿ ನೀರಾಗಲು ಶುರುವಾಗುವ ಉಷ್ಣತೆ) 4 ಡಿಗ್ರಿ. ಯಂತ್ರ ಚೆನ್ನಾಗೇ ಇತ್ತು. ಕೆಳಗೆ ಬಗ್ಗಿ, ತಾನಾಗೇ ನೀರು ಹೊರಬಿಡುವ ಆಟೋ ಡ್ರೇನ್‌ನ ಟೆಸ್ಟ್ ಬಟನ್ ಒತ್ತಿದೆ. ಟಕ್ ಅಂತ ಸದ್ದು ಬಂತು, ಒಂದು ಹನಿಯೂ ಬರಲಿಲ್ಲ. ಲೈನ್ ಮುಚ್ಚಿ, ಪ್ರೆಶರ್ ಪೂರ್ತಿ ಇಳಿಸಿ ಸ್ಟ್ರೈನರ್ ಬಿಚ್ಚಿದರೆ ಜಾಲರಿ ತುಂಬ ತುಕ್ಕಿನ ಪುಡಿ, ಅದಕ್ಕೆ ಎಣ್ಣೆಯ ಅಂಟು. ಡ್ರೈಯರ್ ನೀರನ್ನು ಬೇರೆ ಮಾಡುತ್ತಲೇ ಇತ್ತು, ಆ ನೀರಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ ಅಷ್ಟೇ. ಗಾಳಿ ಅದನ್ನೇ ಎತ್ತಿಕೊಂಡು ಲೈನಿಗೆ ಹೊರಟಿತ್ತು.

ನೀರು ಎಷ್ಟು ಬರುತ್ತೆ ಅನ್ನೋದು ಮೊದಲು ತಲೆಗೆ ಹೋಗಬೇಕು. 100 ಸಿಎಫ್‌ಎಂ (ನಿಮಿಷಕ್ಕೆ 100 ಘನ ಅಡಿ ಗಾಳಿ) ಕಂಪ್ರೆಸರ್, ಹೊರಗೆ 30 ಡಿಗ್ರಿ, ತೇವಾಂಶ ಶೇ. 80 ಅಂದುಕೊಳ್ಳಿ. ಗಂಟೆಗೆ ಸುಮಾರು 4 ಲೀಟರ್ ನೀರು ಆವಿಯಾಗಿ ಒಳಗೆ ಹೋಗುತ್ತದೆ. 7 ಬಾರ್‌ಗೆ ಒತ್ತಿದ ಗಾಳಿಯನ್ನು ಕಂಪ್ರೆಸರ್ ಬೆನ್ನಿಗಿರುವ ಆಫ್ಟರ್‌ಕೂಲರ್ 40 ಡಿಗ್ರಿಗೆ ತಣಿಸಿದರೆ ಅದರಲ್ಲಿ 3 ಲೀಟರ್ ಅಲ್ಲೇ ಉದುರುತ್ತದೆ. ಡ್ರೈಯರ್ ಪಾಲಿಗೆ ಬರೋದು ಉಳಿದ 1 ಲೀಟರ್. ಅಂದರೆ ಮುಕ್ಕಾಲು ಕೆಲಸ ಆಫ್ಟರ್‌ಕೂಲರ್‌ದೇ, ಅಲ್ವಾ? ಹಾಗಾಗಿ ಕಂಪ್ರೆಸರ್ ಕಡೆಯಿಂದ ಹುಡುಕುತ್ತಾ ಬನ್ನಿ.

ಏರ್ ಕೂಲ್ಡ್ ಆಫ್ಟರ್‌ಕೂಲರ್‌ನಿಂದ ಹೊರಬರುವ ಗಾಳಿ ರೂಮಿನ ಬಿಸಿಗಿಂತ 10 ಡಿಗ್ರಿ ಮೇಲಿದ್ದರೆ ಪರವಾಗಿಲ್ಲ. 20 ದಾಟಿದರೆ ಫಿನ್‌ಗಳಲ್ಲಿ ಧೂಳು ಕೂತಿದೆ ಅಂತಲೇ ಲೆಕ್ಕ. ಕಂಪ್ರೆಸರ್ ನಿಲ್ಲಿಸಿ, ಫ್ಯಾನ್ ಗಾಳಿ ಬರುವ ದಿಕ್ಕಿಗೆ ಎದುರಿನಿಂದ ಊದಿ. ಆಮೇಲೆ ಸೆಪರೇಟರ್ (ಉದುರಿದ ನೀರನ್ನು ಬೇರೆ ಮಾಡುವುದು), ರಿಸೀವರ್ ಟ್ಯಾಂಕ್ (ಗಾಳಿ ಶೇಖರಿಸುವುದು), ಎರಡರ ಡ್ರೇನನ್ನೂ ಕೈಯಿಂದ ನಿಧಾನವಾಗಿ ತೆರೆಯಿರಿ. ಕನ್ನಡಕ ಹಾಕಿಕೊಳ್ಳಿ, ಮುಖ ಹತ್ತಿರ ತರಬೇಡಿ. ತುಂಬಾ ಹೊತ್ತು ಬರೀ ನೀರೇ ಬಂದರೆ ಅಲ್ಲಿನ ಆಟೋ ಡ್ರೇನ್ ಸುಮ್ನೆ ಕೂತಿದೆ.

ಗೊತ್ತುಪಡಿಸಿದ ಹೊತ್ತಿಗೆ ತೆರೆಯುವ ಟೈಮರ್ ಡ್ರೇನ್ ಮೇಲೆ ನನಗೆ ಪ್ರೀತಿ ಇಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಅದು ಸಾಲದು, ಒಣ ದಿನ ಗಾಳಿಯನ್ನೇ ಚೆಲ್ಲುತ್ತದೆ. ನೀರಿನ ಮಟ್ಟ ನೋಡಿ ತೆರೆಯುವ ಜೀರೋ ಲಾಸ್ ಡ್ರೇನ್‌ಗೆ ಒಮ್ಮೆ ದುಡ್ಡು ಹಾಕಿದರೆ ಈ ತಲೆನೋವು ಇಲ್ಲ. ಯಾವುದೇ ಇರಲಿ, ವಾರಕ್ಕೊಮ್ಮೆ ಬಟನ್ ಒತ್ತಿ, ಸದ್ದು ಕೇಳಿಸಿಕೊಂಡು ಬಿಡಬೇಡಿ, ನೀರನ್ನು ಕಣ್ಣಾರೆ ನೋಡಿ.

ಡ್ರೈಯರ್ ಒಳಕ್ಕೆ ಹೋಗುವ ಗಾಳಿಯ ಬಿಸಿಯನ್ನೂ ಅಳೆಯಿರಿ. ಸಾಮಾನ್ಯವಾಗಿ ನೇಮ್‌ಪ್ಲೇಟಿನ ಸಿಎಫ್‌ಎಂ ಲೆಕ್ಕ 35 ಡಿಗ್ರಿ ಆಸುಪಾಸಿನ ಗಾಳಿಗೆ ಇರುತ್ತದೆ. ನೀವು 50 ಡಿಗ್ರಿ ಗಾಳಿ ಕೊಟ್ಟು ಅದನ್ನು ಬೈದರೆ ಏನು ಪ್ರಯೋಜನ?

ಗಾಳಿಯನ್ನು ತಣಿಸುವ ರೆಫ್ರಿಜರೇಟೆಡ್ ಡ್ರೈಯರ್ ಸುಮಾರು 3 ಡಿಗ್ರಿ ಡ್ಯೂ ಪಾಯಿಂಟ್ ತನಕ ಒಣಗಿಸುತ್ತದೆ. ಬಹಳಷ್ಟು ಸಿಲಿಂಡರ್, ಗನ್‌ಗಳಿಗೆ ಅಷ್ಟು ಸಾಕು. ಪೈಪ್ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಓಡಿದರೆ ಅಥವಾ ಔಷಧಿ ಪುಡಿಯಂಥದ್ದಕ್ಕೆ ಗಾಳಿ ತಾಗಿದರೆ ಮಾತ್ರ ಮೈನಸ್ 40ರ ಡೆಸಿಕೆಂಟ್ ಡ್ರೈಯರ್ (ತೇವ ಹೀರುವ ಕಾಳು ತುಂಬಿದ್ದು) ಯೋಚಿಸಿ. ಇದರ ಹೀಟ್‌ಲೆಸ್ (ಹೀಟರ್ ಇಲ್ಲದ) ಮಾದರಿ ತನ್ನನ್ನು ಒಣಗಿಸಿಕೊಳ್ಳಲೇ ಶೇ. 15ರಷ್ಟು ಗಾಳಿ ತಿನ್ನುತ್ತದೆ. ಗಾಳಿ ಅದರೊಳಗೆ ಹೋಗುವ ಮೊದಲೇ ಎಣ್ಣೆ ಹಿಡಿಯುವ ಫಿಲ್ಟರ್ ಇಲ್ಲದಿದ್ದರೆ ಅಲ್ಯೂಮಿನಾ ಕಾಳು ಎಣ್ಣೆ ಕುಡಿದು ಕೆಲಸಕ್ಕೆ ಬಾರದಂತಾಗುತ್ತದೆ.

ಇನ್ನು ಪೈಪ್. ಮೇನ್ ಲೈನ್‌ಗೆ ಗಾಳಿ ಹೋಗುವ ದಿಕ್ಕಿನಲ್ಲಿ 100 ಮೀಟರಿಗೆ 1 ಮೀಟರ್ ಇಳಿಜಾರು ಕೊಡಿ, ಕೊನೆಯಲ್ಲಿ ಡ್ರೇನ್ ಇಡಿ. ಪ್ರತಿ ಯಂತ್ರದ ಕವಲನ್ನು ಪೈಪಿನ ತಲೆಯಿಂದ ತೆಗೆದು ಬಗ್ಗಿಸಿ ಇಳಿಸಿ, ಹೊಟ್ಟೆಯ ಕೆಳಗಿಂದ ಅಲ್ಲ. ನಮ್ಮ ಆ ಮೂರು ವಾಲ್ವ್‌ಗಳ ಕವಲೂ ಕೆಳಗಿಂದಲೇ ಇತ್ತು, ಲೈನಿನ ನೀರೆಲ್ಲ ನೇರ ಅವುಗಳ ಬಾಯಿಗೇ ಇಳಿಯುತ್ತಿತ್ತು.