ಸ್ಮೂದನಿಂಗ್‌ನಿಂದ ಹಾಳಾದ ಕೂದಲನ್ನು ನಾನು ನೋಡಿಕೊಂಡ ಬಗೆ

ಸ್ಮೂದನಿಂಗ್, ಅಂದರೆ ಕೆಮಿಕಲ್ ಹಚ್ಚಿ ಕೂದಲು ನೇರ ಮಾಡುವ ಸ್ಟ್ರೇಟ್ನಿಂಗ್ ಮಾಡಿಸಿ ಹಾಳಾದ ಕೂದಲು ಮತ್ತೆ ಮೊದಲಿನಂತೆ ಆಗುವುದಿಲ್ಲ. ನನ್ನ ಪಾರ್ಲರ್‌ಗೆ ಬರುವವರಿಗೆ ನಾನು ಮೊದಲು ಹೇಳುವ ಮಾತೇ ಇದು. ಕೇಳಿದ ಕೂಡಲೇ ಮುಖ ಬಾಡಿಬಿಡುತ್ತದೆ. ಆದರೆ ಈ ಮಾತನ್ನು ಒಪ್ಪಿಕೊಂಡವರ ಕೂದಲೇ ಕೊನೆಗೆ ಚೆನ್ನಾಗಿ ಬಂದಿದ್ದನ್ನು ನಾನು ನೋಡಿದ್ದೇನೆ. ಬುಡದಿಂದ ಬರುವ ಹೊಸ ಕೂದಲು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅದು ಉದ್ದ ಬರುವ ತನಕ ಹಳೆಯದು ಮುರಿಯದ ಹಾಗೆ ಕಾಯಬೇಕು, ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋಗಬೇಕು. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಅರ್ಧ ಇಂಚು, ವರ್ಷಕ್ಕೆ ಆರು ಇಂಚು. ಹಾಗಾಗಿ ಭುಜದ ಉದ್ದದ ಕೂದಲಿಗೂ ಒಂದೂವರೆ ಎರಡು ವರ್ಷ ಹಿಡಿಯುತ್ತದೆ.

ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಪಾರ್ಲರ್ ಇದೆ. ಗುಂಗುರು ಕೂದಲಿನ ಹುಡುಗಿಯರು ಮದುವೆ ಗೊತ್ತಾದ ಕೂಡಲೇ ಸ್ಮೂದನಿಂಗ್ ಮಾಡಿಸುವುದು ಈಗ ಮಾಮೂಲು. ಆಮೇಲೆ ತುದಿ ಒರಟಾಗಿ, ಕವಲೊಡೆದು ನನ್ನ ಹತ್ತಿರ ಬರುತ್ತಾರೆ. ಇಂಥ ಕೂದಲನ್ನು ಬುಡದಿಂದ ತುದಿಯವರೆಗೆ, ವಾರವಾರವೂ ಹತ್ತಿರದಿಂದ ನೋಡಿದ್ದು ನನ್ನ ಅಕ್ಕನ ಮಗಳದ್ದನ್ನು. ಅದಕ್ಕೇ ಅವಳದ್ದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಅವಳದ್ದು ದಟ್ಟವಾದ ಗುಂಗುರು ಕೂದಲು. ನಿಶ್ಚಿತಾರ್ಥಕ್ಕೆ ಅಂತ ಬೆಂಗಳೂರಿನ ಒಂದು ಪಾರ್ಲರ್‌ನಲ್ಲಿ ಸ್ಮೂದನಿಂಗ್ ಮಾಡಿಸಿದಳು. ಮದುವೆ ಹೊತ್ತಿಗೆ ಬುಡದಲ್ಲಿ ಗುಂಗುರು ಬಂದಿತ್ತು. ಎರಡನೇ ಸಲ ಹೋದಾಗ ಅಲ್ಲಿಯವರು ಹೊಸ ಕೂದಲಿಗೆ ಮಾತ್ರ ಹಚ್ಚದೆ, ಈಗಾಗಲೇ ನೇರವಾಗಿದ್ದ ಭಾಗಕ್ಕೂ ತುದಿಯವರೆಗೆ ಕ್ರೀಮ್ ಎಳೆದುಬಿಟ್ಟರು. ಮದುವೆ ಫೋಟೋದಲ್ಲಿ ಕೂದಲು ಮಿರಮಿರ ಮಿಂಚಿತು. ಆಷಾಢಕ್ಕೆ ತವರಿಗೆ ಬಂದಾಗ ಬಾಚಿದ ಕಡೆಯೆಲ್ಲ ಚೂರು ಚೂರು ಕೂದಲು. "ಚಿಕ್ಕಮ್ಮಾ, ಬೋಳಾಗಿಬಿಡ್ತೀನೇನೋ" ಅಂತ ಅತ್ತಳು.

ಅಲ್ಲಿ ಆಗಿದ್ದೇನು ಅಂತ ಗೊತ್ತಿದ್ದರೆ ಮುಂದೆ ಏನು ಮಾಡಬಾರದು ಎನ್ನುವುದು ತಾನಾಗಿಯೇ ತಿಳಿಯುತ್ತದೆ. ಕೂದಲು ಕೆರಾಟಿನ್ ಎಂಬ ಪ್ರೊಟೀನ್‌ನಿಂದ ಆದದ್ದು. ಅದರೊಳಗೆ ಗಂಧಕದ ಕೊಂಡಿಗಳಿವೆ. ಕೂದಲಿಗೆ ಗಟ್ಟಿತನ ಕೊಡುವುದು, ಅದರ ಆಕಾರ ಹಿಡಿದಿಡುವುದು ಇವು. ನಮ್ಮ ಕಡೆ ಸ್ಮೂದನಿಂಗ್, ರೀಬಾಂಡಿಂಗ್ ಅಂತ ಮಾಡುವುದಕ್ಕೆ ಹೆಚ್ಚಾಗಿ ಬಳಸುವುದು ಥಯೋಗ್ಲೈಕೊಲೇಟ್ ಕ್ರೀಮ್. ಅದು ಆ ಕೊಂಡಿಗಳನ್ನು ಬಿಚ್ಚುತ್ತದೆ. ತೊಳೆದು, ಒಣಗಿಸಿ, ಬಿಸಿ ಐರನ್ ಎಳೆದು, ನ್ಯೂಟ್ರಲೈಸರ್ ಹಚ್ಚಿದಾಗ ಕೊಂಡಿಗಳು ಹೊಸ ಜಾಗದಲ್ಲಿ ಕೂಡಿಕೊಳ್ಳುತ್ತವೆ. ಎಲ್ಲವೂ ಕೂಡಿಕೊಳ್ಳುವುದಿಲ್ಲ. ಬೇಡದ ಕೂದಲು ತೆಗೆಯುವ ಕ್ರೀಮ್ ಗೊತ್ತಲ್ವಾ? ಅದರಲ್ಲಿರುವುದೂ ಇದೇ ಜಾತಿಯ ಕೆಮಿಕಲ್. ಅದರಲ್ಲಿ ಕ್ಷಾರ ಇನ್ನೂ ಜಾಸ್ತಿ, ಹಾಗಾಗಿ ಕೂದಲು ಕರಗಿ ಬರುತ್ತದೆ. ಒಂದು ಸಲ ಸೋತ ಕೂದಲಿಗೆ ಇಂಥ ಕ್ರೀಮ್ ಮತ್ತೆ ಹಚ್ಚಿದರೆ ಅದು ತಡೆಯುವುದು ಹೇಗೆ?

ಅಮೆರಿಕದಲ್ಲಿ ಕಪ್ಪು ಜನಾಂಗದ ಹೆಂಗಸರು ತಲೆಮಾರುಗಳಿಂದ ಕೂದಲು ನೇರ ಮಾಡಲು ಬಳಸಿದ ರಿಲ್ಯಾಕ್ಸರ್ ಕ್ರೀಮ್ ಬೇರೆಯೇ. ಅದರಲ್ಲಿ ಇರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. 'ನೋ ಲೈ', ಅಂದರೆ ಕಾಸ್ಟಿಕ್ ಸೋಡಾ ಇಲ್ಲದ್ದು ಅಂತ ಮಾರುವ ಕ್ರೀಮುಗಳಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಗ್ವಾನಿಡಿನ್ ಸೇರಿರುತ್ತದೆ. ಅವು ಕೊಂಡಿಯನ್ನೇ ಬೇರೆ ಥರ ಮಾಡಿಬಿಡುತ್ತವೆ, ಅದು ಹಿಂದಕ್ಕೆ ಬರುವುದಿಲ್ಲ. ನಮ್ಮ ಕಡೆಯ ಥಯೋಗ್ಲೈಕೊಲೇಟ್ ಕ್ರೀಮ್, ಈ ರಿಲ್ಯಾಕ್ಸರ್, ಎರಡನ್ನೂ ಒಂದೇ ಕೂದಲಿನ ಮೇಲೆ ಹಾಕಲೇಬಾರದು. ಹಾಕಿದರೆ ಕೂದಲು ಕೈಗೇ ಬರುತ್ತದೆ. ವಿದೇಶದಲ್ಲಿ ಒಂದು, ಊರಿಗೆ ಬಂದಾಗ ಇನ್ನೊಂದು ಮಾಡಿಸುವವರು ಇದನ್ನು ಮರೆಯಬೇಡಿ.

ಮೊದಲು ನಾನು ನೋಡಿದ್ದು ಕೂದಲು ಉದುರುತ್ತಿದೆಯೋ, ಮುರಿಯುತ್ತಿದೆಯೋ ಅಂತ. ಬಾಚಣಿಗೆಯಲ್ಲಿ ಸಿಕ್ಕ ಎಳೆಗಳನ್ನು ಬಿಳಿ ಕಾಗದದ ಮೇಲೆ ಹರಡಿದೆ. ಬುಡದಿಂದ ಉದುರಿದ ಕೂದಲಿಗೆ ಒಂದು ತುದಿಯಲ್ಲಿ ಚಿಕ್ಕ ಬಿಳಿ ಗಂಟು ಇರುತ್ತದೆ. ಮುರಿದದ್ದಕ್ಕೆ ಇರುವುದಿಲ್ಲ, ಉದ್ದವೂ ಒಂದೇ ಸಮ ಇರುವುದಿಲ್ಲ. ಅವಳದ್ದು ಹೆಚ್ಚು ಕಡಿಮೆ ಎಲ್ಲವೂ ಮುರಿದದ್ದೇ. ಅಂದರೆ ಬುಡ ಚೆನ್ನಾಗಿದೆ, ಬೋಳಾಗುವ ಭಯ ಇಲ್ಲ. ಆ ಕಾಗದ ತೋರಿಸಿದ ಮೇಲೆಯೇ ಅವಳಿಗೆ ಸಮಾಧಾನ ಆಗಿದ್ದು. ಬಿಳಿ ಗಂಟಿನ ಕೂದಲೇ ಜಾಸ್ತಿ ಇದ್ದಿದ್ದರೆ ನಾನು ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ. ಕಬ್ಬಿಣದ ಅಂಶ, ಥೈರಾಯ್ಡ್ ನೋಡಿಸದೆ ಅದಕ್ಕೆ ಪಾರ್ಲರ್‌ನಲ್ಲಿ ಮಾಡುವಂಥದ್ದು ಏನೂ ಇಲ್ಲ. ನೆತ್ತಿ ಸುಟ್ಟು ಬೊಬ್ಬೆ ಎದ್ದಿದ್ದರೂ ಅಷ್ಟೇ, ಎಣ್ಣೆ ಗಿಣ್ಣೆ ಹಚ್ಚದೆ ನೇರ ಡಾಕ್ಟರ ಹತ್ತಿರ.

ಆಮೇಲೆ ಒದ್ದೆ ಕೂದಲಿನ ಒಂದು ಎಳೆ ಹಿಡಿದು ಮೆಲ್ಲಗೆ ಎಳೆದು ನೋಡಿದೆ. ಗಟ್ಟಿ ಕೂದಲು ಒದ್ದೆಯಾಗಿದ್ದಾಗ ಸುಮಾರು ಶೇಕಡ 30ರಷ್ಟು ಹಿಗ್ಗಿ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. ಅವಳ ತುದಿ ಕೂದಲು ಚ್ಯೂಯಿಂಗ್ ಗಮ್ ಥರ ಎಳೆದಷ್ಟೂ ಬಂದು, ಹಾಗೇ ತುಂಡಾಯಿತು. ಅಂಥ ತುದಿಯನ್ನು ಉಳಿಸಿಕೊಂಡು ಪ್ರಯೋಜನ ಇಲ್ಲ. ಅವತ್ತೇ ನಾಲ್ಕು ಬೆರಳಿನಷ್ಟು ಕತ್ತರಿಸಿದೆ. ಎಲ್ಲವನ್ನೂ ಒಂದೇ ಸಲ ಕತ್ತರಿಸಿ ಗಿಡ್ಡ ಮಾಡಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಅವಳಿಗೆ ಅದು ಬೇಡವಾಗಿತ್ತು, ನಾನೂ ಒತ್ತಾಯ ಮಾಡಲಿಲ್ಲ. ಎಂಟು ಹತ್ತು ವಾರಕ್ಕೊಮ್ಮೆ ಒಂದು ಇಂಚು ತೆಗೆಯುತ್ತಾ ಬಂದೆ.

ನಿಲ್ಲಿಸಬೇಕಾದ್ದನ್ನು ನಿಲ್ಲಿಸಿದ್ದೇ ಅರ್ಧ ಆರೈಕೆ. ಐರನ್ ಬಂದ್. ಬಣ್ಣ ಬಂದ್. ಮೆಹಂದಿ ಕೂಡ ಬೇಡ ಅಂದೆ, ಒಣ ಕೂದಲನ್ನು ಅದು ಇನ್ನೂ ಒಣಗಿಸುತ್ತದೆ. ಕಪ್ಪು ಮೆಹಂದಿ ಪುಡಿಯಲ್ಲಂತೂ ಏನೇನು ಸೇರಿರುತ್ತದೋ, ನಂಬುವ ಹಾಗಿಲ್ಲ. 'ಕೆರಾಟಿನ್ ಮಾಡಿಸಿದರೆ ಸರಿ ಹೋಗುತ್ತೆ' ಅಂತ ಅವಳ ಗೆಳತಿಯರು ಹೇಳಿದ್ದರು. ಹೆಸರು ಕೆರಾಟಿನ್ ಅಂತಿದ್ದರೂ ಅಂಥ ಎಷ್ಟೋ ಟ್ರೀಟ್‌ಮೆಂಟ್‌ಗಳಲ್ಲಿ ಕೆಲಸ ಮಾಡುವುದು ಫಾರ್ಮಾಲ್ಡಿಹೈಡ್ ಅಥವಾ ಬಿಸಿ ತಾಗಿದಾಗ ಅದನ್ನು ಬಿಡುವ ಕೆಮಿಕಲ್. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಟ್ಟಿ ಮಾಡಿದೆ. ಆ ಹೊಗೆ ಕುಡಿಯುವುದು ಗಿರಾಕಿ ಒಬ್ಬರೇ ಅಲ್ಲ, ದಿನವಿಡೀ ನಿಂತು ಕೆಲಸ ಮಾಡುವ ನಮ್ಮ ಹುಡುಗಿಯರೂ ಕುಡಿಯುತ್ತಾರೆ. 2022ರಲ್ಲಿ ಅಮೆರಿಕದಲ್ಲಿ 33 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಒಂದು ಅಧ್ಯಯನ ಬಂತು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಕೂದಲು ನೇರ ಮಾಡುವ ಕೆಮಿಕಲ್ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಎರಡು ಪಟ್ಟಿಗಿಂತ ಜಾಸ್ತಿ ಕಂಡಿತ್ತು. ಕೆಮಿಕಲ್ಲೇ ಕಾರಣ ಅಂತ ಅದೊಂದರಿಂದ ಹೇಳಲು ಆಗುವುದಿಲ್ಲ. ಆದರೂ ಅದನ್ನು ಓದಿದ ಮೇಲೆ ನನ್ನ ಪಾರ್ಲರ್‌ನಲ್ಲಿ ನಾನು ಈ ಕೆಲಸ ಕೈಬಿಟ್ಟೆ. ಹಣ ಬರುವ ಕೆಲಸವೇ ಅದು, ಆದರೆ ಮನಸ್ಸು ಒಪ್ಪಲಿಲ್ಲ.

ಇನ್ನು ನೀರಿನ ವಿಷಯ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಮಾತ್ರ ಇದೇ ದೊಡ್ಡದು. ಬಯಲುಸೀಮೆಯ ಬೋರ್ ನೀರು ಗಡಸು. ಕೆಮಿಕಲ್ ತಾಗಿದ ಕೂದಲು ಆ ನೀರಿನ ಸುಣ್ಣದಂಶವನ್ನು ಚೆನ್ನಾಗಿರುವ ಕೂದಲಿಗಿಂತ ಜಾಸ್ತಿ ಹೀರುತ್ತದೆ. ಎಷ್ಟು ಕಂಡೀಷನರ್ ಹಚ್ಚಿದರೂ ಒರಟು ಹೋಗುವುದಿಲ್ಲ. ನಮ್ಮ ಮನೆಗೆ ಹೇಮಾವತಿ ನೀರು ಬರುವ ದಿನ ನೋಡಿ ತಲೆಸ್ನಾನಕ್ಕೆ ಬಾ ಅಂತಿದ್ದೆ. ಅವಳ ಗಂಡನ ಮನೆಯಲ್ಲಿ ಬೋರ್ ನೀರೇ ಗತಿ. ಅಲ್ಲಿ ಎಲ್ಲ ತೊಳೆದ ಮೇಲೆ ಕೊನೆಗೆ ಎರಡು ಚೊಂಬು ಫಿಲ್ಟರ್ ನೀರು ಹಾಕಿಕೋ ಅಂದೆ. ತಿಂಗಳಿಗೊಮ್ಮೆ ಇಡಿಟಿಎ ಇರುವ ಶಾಂಪೂ. ಅದು ಕೂತ ಸುಣ್ಣವನ್ನು ಬಿಡಿಸುತ್ತದೆ. ಆಮೇಲೆ ಕಂಡೀಷನರ್ ತಪ್ಪಿಸಬಾರದು. ಹಂಡೆಯ ಸುಡುನೀರು ಮೈಗೆ ಹಿತ, ಈ ಕೂದಲಿಗೆ ಬೇಡ. ಉಗುರು ಬೆಚ್ಚಗಿದ್ದರೆ ಸಾಕು.

ಎಣ್ಣೆ ಹಚ್ಚಿದರೆ ಹಾಳಾದದ್ದು ಸರಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ತೆಂಗಿನೆಣ್ಣೆಗೆ ಒಂದು ಗುಣ ಇದೆ. ಅದರಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿಯುತ್ತದೆ. ಸ್ನಾನಕ್ಕೆ ಮುಂಚೆ ಹಚ್ಚಿದರೆ ತೊಳೆಯುವಾಗ ಪ್ರೊಟೀನ್ ಹೋಗುವುದು ಕಡಿಮೆಯಾಗುತ್ತದೆ ಅಂತ 2003ರಲ್ಲಿ ಮುಂಬೈಯಲ್ಲಿ ಮಾಡಿದ ಸಂಶೋಧನೆ ತೋರಿಸಿದೆ. ಮಾಡಿದ್ದು ತೆಂಗಿನೆಣ್ಣೆ ಮಾರುವ ಕಂಪನಿಯೇ. ಆದರೂ ನನ್ನ ಕೈಯ ಅನುಭವ ಅದಕ್ಕೆ ಹೊಂದುತ್ತದೆ. ರಾತ್ರಿ ತುದಿಗೆ, ಮಧ್ಯಕ್ಕೆ ಹಚ್ಚಿ, ಬೆಳಿಗ್ಗೆ ತೊಳೆಸುತ್ತಿದ್ದೆ. ಉಜ್ಜುವುದಿಲ್ಲ, ಸುಮ್ನೆ ಸವರುವುದು. ತೊಳೆಯಲು ಸಲ್ಫೇಟ್ ಇಲ್ಲದ ಮೆತ್ತನೆ ಶಾಂಪೂ, ಅದೂ ನೆತ್ತಿಗೆ ಮಾತ್ರ. ಸೀಗೆಕಾಯಿ ಪುಡಿ ಒಳ್ಳೆಯದೇ, ಆದರೆ ಅದರ ತರಿ ಈ ಕೂದಲನ್ನು ತರಚುತ್ತದೆ. ಬೇಕೇ ಬೇಕೆಂದರೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ತಿಳಿ ಮಾತ್ರ ಬಳಸಿ.

ಶಾಂಪೂ ಆದ ಮೇಲೆ ದಾಸವಾಳದ ಎಲೆಯ ಲೋಳೆ. ಎಲೆಯನ್ನು ನೀರಿನಲ್ಲಿ ಕಿವುಚಿ ಸೋಸಿದರೆ ಬರುತ್ತದೆ. ಸಿಕ್ಕು ಬಿಡಿಸಲು ಇದರಷ್ಟು ಜಾರುವ ವಸ್ತು ನಮ್ಮ ಹಿತ್ತಿಲಲ್ಲಿ ಇನ್ನೊಂದಿಲ್ಲ. ಅದರಿಂದ ಕೂದಲು ಗಟ್ಟಿಯಾಗುವುದಿಲ್ಲ, ಮುರಿಯುವುದು ಕಡಿಮೆಯಾಗುತ್ತದೆ. ಗಟ್ಟಿತನಕ್ಕೆ ಪ್ರೊಟೀನ್ ಮಾಸ್ಕ್ ಬಳಸಿದೆ. ಮೊಟ್ಟೆ ಹಚ್ಚಲೇ ಅಂತ ಅವಳು ಕೇಳಿದಳು. ಮೊಟ್ಟೆಯ ಪ್ರೊಟೀನ್ ಕಣ ದೊಡ್ಡದು, ಒಳಗೆ ಹೋಗುವುದಿಲ್ಲ. ಅದನ್ನು ತಿನ್ನುವುದೇ ಮೇಲು. ಡಬ್ಬಿಯ ಮೇಲೆ 'ಹೈಡ್ರೊಲೈಜ್ಡ್' ಕೆರಾಟಿನ್ ಅಥವಾ ಗೋಧಿ ಪ್ರೊಟೀನ್ ಅಂತ ಇರಬೇಕು. ಹಾಗಂದರೆ ಚಿಕ್ಕ ಚೂರು ಮಾಡಿದ್ದು. ಅದು ಬಿರುಕುಗಳನ್ನು ತಾತ್ಕಾಲಿಕವಾಗಿ ತುಂಬುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಜಾಸ್ತಿಯಾದರೆ ಕೂದಲು ಬಿರುಸಾಗಿ ಇನ್ನೂ ಮುರಿಯುತ್ತದೆ. ಸೀರಂನ ಸಿಲಿಕೋನ್ ಬಗ್ಗೆ ಎಷ್ಟೋ ಜನ ಹೆದರುತ್ತಾರೆ. ಸೀಳಿದ ತುದಿಗೆ ಎರಡು ಹನಿ ಹಚ್ಚಿದರೆ ಎಳೆಗೆ ಎಳೆ ಉಜ್ಜುವುದು ತಪ್ಪುತ್ತದೆ, ನಾನು ಹಚ್ಚಿಸಿದ್ದೇನೆ.

ನಿಜವಾದ ಕಷ್ಟ ಶುರುವಾಗಿದ್ದು ಹೊಸ ಗುಂಗುರು ಮೂರು ನಾಲ್ಕು ಇಂಚು ಬಂದ ಮೇಲೆ. ಮೇಲೆ ಗುಂಗುರು, ಕೆಳಗೆ ನೇರ. ಎರಡೂ ಸೇರುವ ಜಾಗವೇ ಎಲ್ಲಕ್ಕಿಂತ ದುರ್ಬಲ. ಸುಮ್ಮನೆ ಬುಡದಿಂದ ಬಾಚಣಿಗೆ ಎಳೆದರೆ ಅಲ್ಲೇ ಮುರಿಯುತ್ತದೆ. ಒದ್ದೆ ಕೂದಲಿಗೆ ಕಂಡೀಷನರ್ ಇರುವಾಗಲೇ, ಬೆರಳಿನಿಂದ, ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ಟರ್ಕಿ ಟವೆಲ್‌ನಲ್ಲಿ ಉಜ್ಜುವುದು ಬಿಡಿಸಿ, ಹಳೇ ಪಂಚೆಯಲ್ಲಿ ಒತ್ತಿ ನೀರು ತೆಗೆಯುವುದು ಕಲಿಸಿದೆ. ರಾತ್ರಿ ಸಡಿಲ ಜಡೆ, ದಿಂಬಿಗೆ ಅಕ್ಕನ ಹಳೇ ರೇಷ್ಮೆ ಸೀರೆಯಲ್ಲಿ ಹೊಲಿದ ಕವರ್.

ಆಫೀಸಿಗೆ ಹೋಗುವಾಗ ಎರಡು ಥರದ ಕೂದಲು ಕಾಣುತ್ತದೆ ಅಂತ ಅವಳಿಗೆ ಮುಜುಗರ. ಅದಕ್ಕೆ ಅಗಸೆ ಬೀಜ ನೆರವಾಯಿತು. ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿಗೆ ಹಾಕುವ ಅದೇ ಅಗಸೆ. ಕಾಲು ಲೋಟ ಬೀಜಕ್ಕೆ ಎರಡು ಲೋಟ ನೀರು ಹಾಕಿ ಕುದಿಸಬೇಕು. ಮೊಟ್ಟೆಯ ಬಿಳಿಯಷ್ಟು ಲೋಳೆ ಬಂದಾಗ ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ತಣಿದರೆ ಇಳಿಯುವುದೇ ಇಲ್ಲ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಒದ್ದೆ ಕೂದಲಿಗೆ ಇದನ್ನು ಸವರಿ, ರಾತ್ರಿ ನಾಲ್ಕೈದು ಜಡೆ ಹಾಕಿ, ಪೂರ್ತಿ ಒಣಗಿದ ಮೇಲೆ ಬಿಚ್ಚಿದರೆ ನೇರ ಭಾಗಕ್ಕೂ ಅಲೆ ಬರುತ್ತದೆ. ಬಿಸಿ ಇಲ್ಲ, ಕೆಮಿಕಲ್ ಇಲ್ಲ. ಹೂ ಮುಡಿಯುವ ದಿನ ಪಿನ್ ಅನ್ನು ಆ ದುರ್ಬಲ ಜಾಗಕ್ಕೆ ಚುಚ್ಚದೆ, ಜಡೆಯ ಮೇಲೆ ದಾರದಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಬಿಗಿ ರಬ್ಬರ್ ಬ್ಯಾಂಡ್ ಪೂರ್ತಿ ಬಿಟ್ಟಳು.

ಈಗ ಅವಳ ಕೂದಲು ಭುಜ ದಾಟಿದೆ, ಪೂರ್ತಿ ಗುಂಗುರು. ಮೊದಲಿನಷ್ಟು ಉದ್ದ ಇಲ್ಲ, ಆದರೆ ಬಾಚಣಿಗೆಯಲ್ಲಿ ಚೂರು ಸಿಗುವುದಿಲ್ಲ. ಅವಳನ್ನು ನೋಡಿ ಅವಳ ನಾದಿನಿಯೂ ಸ್ಮೂದನಿಂಗ್ ಬಿಟ್ಟು ನನ್ನ ಹತ್ತಿರ ಬರುತ್ತಿದ್ದಾಳೆ.

ಇಷ್ಟಾದ ಮೇಲೂ ನೇರ ಕೂದಲೇ ಬೇಕು ಅನ್ನುವವರಿದ್ದಾರೆ. ಅವರ ತಲೆ, ಅವರ ಇಷ್ಟ. ನನ್ನ ಕೈಯಲ್ಲಿ ಮಾಡಿಸಲು ಆಗುವುದಿಲ್ಲ, ಆದರೆ ಹೋಗುವ ಮುಂಚೆ ಇಷ್ಟು ಹೇಳಿ ಕಳಿಸುತ್ತೇನೆ. ಹೊಸ ಕೂದಲಿಗೆ ಮಾತ್ರ ಕ್ರೀಮ್ ಹಚ್ಚಲು ಹೇಳಿ. ಹಳೇ ಭಾಗಕ್ಕೆ ಹಚ್ಚಲು ಬಂದರೆ ಎದ್ದು ಬನ್ನಿ. ಮೊದಲು ಕಿವಿಯ ಹಿಂದಿನ ಒಂದು ಎಳೆಗೆ ಹಚ್ಚಿ ನೋಡಿಸಿ. ನೆತ್ತಿಯಲ್ಲಿ ಗಾಯ ಇದ್ದರೆ ಆ ದಿನ ಬೇಡ. ಉರಿ ಶುರುವಾದರೆ ತಡೆದುಕೊಂಡು ಕೂರಬೇಡಿ, ಆ ಕ್ಷಣವೇ ತೊಳೆಸಿ. ಯಾವ ಕ್ರೀಮ್, ಯಾವ ತಿಂಗಳು ಅಂತ ಬರೆದಿಟ್ಟುಕೊಳ್ಳಿ, ಡಬ್ಬಿಯ ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಬೇರೆ ಕಡೆ ಕೂದಲಿಗೆ ಏನೇ ಮಾಡಿಸಲು ಹೋದರೂ ಮೊದಲು ಅದನ್ನು ತೋರಿಸಿ.